ಡಮಾಸ್ಕಸ್ ಚಾಕು ಮೊಂಡಾಗುವುದೇ ಇಲ್ವಾ?

‘ಡಮಾಸ್ಕಸ್ ಸ್ಟೀಲ್ ಮಡಚುವ ಚಾಕು ತುಕ್ಕು ಹಿಡಿಯಲ್ಲ, ಮೊಂಡಾಗಲ್ಲ, ಇದು ಕಳೆದುಹೋದ ಪ್ರಾಚೀನ ವಿದ್ಯೆ’ ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. ಇದು ನಿಜವಲ್ಲ. ಡಮಾಸ್ಕಸ್ ಸ್ಟೀಲ್ ಅಂದರೆ ಮೇಲೆ ಅಲೆ ಅಲೆ ವಿನ್ಯಾಸ ಕಾಣುವ ಉಕ್ಕು.

ಹಳೆಯ ಡಮಾಸ್ಕಸ್ ಕತ್ತಿಗಳಿಗೆ ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕು ಹೋಗುತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲೂ ಅಂಥ ಮೂಸೆಗಳ ಚೂರು ಸಿಕ್ಕಿವೆ, ಇದು ನಾವು ನಿಜಕ್ಕೂ ಹೆಮ್ಮೆಪಡಬೇಕಾದ ವಿಷಯ.

ಈಗ ಮಾರುವುದು ಬಹುತೇಕ ಬೇರೆಯೇ. 1095, 15ಎನ್20 (ಇವು ಉಕ್ಕಿನ ಬಗೆಗಳ ಹೆಸರು) ಥರದ ಎರಡು ಉಕ್ಕುಗಳನ್ನು ಪದರ ಪದರವಾಗಿ ಕಾಯಿಸಿ ಬಡಿದು ಬೆಸೆದು, ಆಮೇಲೆ ಆಸಿಡ್‌ನಲ್ಲಿ ಅದ್ದಿದರೆ 1095 ಕಪ್ಪಾಗುತ್ತದೆ, ನಿಕ್ಕಲ್ ಇರುವ 15ಎನ್20 ಹೊಳೆಯುತ್ತದೆ, ಆ ಅಲೆ ಅಲೆ ವಿನ್ಯಾಸ ಬರುವುದು ಹೀಗೆ. ಚಂದ ಅಷ್ಟೇ, ಹರಿತಕ್ಕೂ ಅದಕ್ಕೂ ಸಂಬಂಧವಿಲ್ಲ, ಬಳಸುತ್ತಾ ಹೋದರೆ ಇದೂ ಮೊಂಡಾಗುತ್ತದೆ. ಈ ಎರಡೂ ಸ್ಟೇನ್‌ಲೆಸ್ ಅಲ್ಲ, ಒದ್ದೆ ಬಿಟ್ಟರೆ ತುಕ್ಕು ಗ್ಯಾರಂಟಿ.

ಹಾಗಾಗಿ ಕೊಳ್ಳುವಾಗ ಯಾವ ಉಕ್ಕು, ಎಷ್ಟು ಗಡಸು ಅಂತ ಕೇಳಿ. ಹೇಳದಿದ್ದರೆ ಬಿಟ್ಟುಬಿಡಿ. ಅಲೆಗಳು ಅಲಗಿನ ಬೆನ್ನಿನಲ್ಲೂ ಕಾಣಬೇಕು, ಬದಿಯಲ್ಲಿ ಮಾತ್ರ ಇದ್ದರೆ ಲೇಸರ್ ಅಚ್ಚು ಇರಬಹುದು. ಅದಕ್ಕಿಂತ ಮುಖ್ಯ, ತೆರೆದಾಗ ಅಲಗು ಮಡಚಿಕೊಳ್ಳದಂತೆ ಹಿಡಿಯುವ ಲಾಕ್ ಅಲುಗಾಡಬಾರದು, ಬೆರಳು ಉಳಿಸುವುದು ಅದೇ ಅಲ್ವಾ. ಬಳಸಿದ ಮೇಲೆ ಒರೆಸಿ ತೆಳುವಾಗಿ ಎಣ್ಣೆ ಹಚ್ಚಿ. ವಿಮಾನದ ಕ್ಯಾಬಿನ್ ಬ್ಯಾಗಿನಲ್ಲಿ ಮಾತ್ರ ಇಡಬೇಡಿ.