ಮೇರಿ ಕೆಲ್ಲಿಯ ಬಾಗಿಲಿಗೆ ಕೀಯೇ ಬೇಕಿರಲಿಲ್ಲ

1888ರಲ್ಲಿ ಲಂಡನ್ನಿನಲ್ಲಿ ಹೆಂಗಸರನ್ನು ಕೊಂದು ಸಿಕ್ಕದೇ ಹೋದ ಜ್ಯಾಕ್ ದಿ ರಿಪ್ಪರ್ ಚರ್ಚೆ ಶುರುವಾದರೆ ಸಾಕು, ತನ್ನ ಕೋಣೆಯಲ್ಲೇ ಕೊಲೆಯಾದ ಮೇರಿ ಕೆಲ್ಲಿಯ ಬಗ್ಗೆ 'ಬಾಗಿಲಿಗೆ ಬೀಗ ಬಿದ್ದಿತ್ತಲ್ಲ, ಹಾಗಾದ್ರೆ ಕೀ ಕೊಲೆಗಾರನ ಹತ್ರಾನೇ ಇತ್ತು' ಅಂತ ಒಬ್ಬರಾದರೂ ಹೇಳುತ್ತಾರೆ. ಈ ವಾದಕ್ಕೆ ಬುಡವೇ ಇಲ್ಲ.

ಜಾಗ, ಲಂಡನ್ನಿನ ಡಾರ್ಸೆಟ್ ಸ್ಟ್ರೀಟ್, ಮಿಲ್ಲರ್ಸ್ ಕೋರ್ಟ್‌ನ 13ನೇ ನಂಬರ್. ರಸ್ತೆಗೆ ಮುಖ ಮಾಡಿದ ಮನೆಯ ಹಿಂಭಾಗಕ್ಕೆ ಹಲಗೆಯ ಅಡ್ಡಗೋಡೆ ಹಾಕಿ ಮಾಡಿದ ಒಂಟಿ ಕೋಣೆ, ಬಾಡಿಗೆ ವಾರಕ್ಕೆ ನಾಲ್ಕೂವರೆ ಶಿಲ್ಲಿಂಗ್. ಬಾಗಿಲಿಗೆ ಇದ್ದದ್ದು ಸ್ಪ್ರಿಂಗ್ ಲಾಕ್. ಎಳೆದುಕೊಂಡರೆ ನಾಲಿಗೆ ತಾನಾಗಿಯೇ ಚೌಕಟ್ಟಿನ ಗೂಡಿಗೆ ಬೀಳುತ್ತದೆ. ಒಳಗಿನಿಂದ ಕೈಯಲ್ಲೇ ಹಿಂದಕ್ಕೆ ಸರಿಸಬಹುದು, ಹೊರಗಿನಿಂದ ಮಾತ್ರ ಕೀ ಬೇಕು. ಕೀ ಒಳಗೇ ಬಿಟ್ಟು ಫ್ಲ್ಯಾಟಿನ ಬಾಗಿಲಾಚೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಕೊಲೆಗಾರ ಬೀಗ ಹಾಕಿದ ಅನ್ನುವುದಕ್ಕಿಂತ ಬಾಗಿಲು ಎಳೆದುಕೊಂಡು ಹೋದ ಅನ್ನುವುದೇ ಸರಿ.

ಇನ್ನು ಕೀ. ಅದು ಕಳೆದು ಎಷ್ಟೋ ದಿನವಾಗಿತ್ತು. ಮೇರಿಯ ಜೊತೆಗಿದ್ದ ಜೋಸೆಫ್ ಬಾರ್ನೆಟ್ ಹೇಳಿದ್ದನ್ನು ತನಿಖೆಯಲ್ಲಿದ್ದ ಇನ್‌ಸ್ಪೆಕ್ಟರ್ ಆ್ಯಬರ್ಲೈನ್ 1888ರ ನವೆಂಬರ್ 12ರ ಸಾವಿನ ವಿಚಾರಣೆಯಲ್ಲೇ ಸ್ಪಷ್ಟಪಡಿಸಿದ್ದರು: ಒಡೆದ ಕಿಟಕಿಯೊಳಗೆ ಕೈ ಹಾಕಿ ಚಿಲಕ ಸರಿಸುತ್ತಿದ್ದರು, ಅದು ಸಲೀಸು.

ಯಾಕೆ ಸಲೀಸು? ಬಾಗಿಲು ಓಣಿಯ ಕಡೆಗೆ, ಕಿಟಕಿಗಳು ಮೂಲೆ ತಿರುಗಿದರೆ ಅಂಗಳದ ಕಡೆಗೆ. ಚಿಕ್ಕ ಕಿಟಕಿ ಆ ಮೂಲೆಗೆ ಅಂಟಿಕೊಂಡಂತಿತ್ತು, ಅದರ ಗಾಜೇ ಒಡೆದಿತ್ತು. ಬಾಗಿಲು ತೆರೆದಾಗ ಹಾಸಿಗೆ ಪಕ್ಕದ ಮೇಜಿಗೆ ತಾಗಿತು ಅಂತ ಪೊಲೀಸ್ ವೈದ್ಯ ಡಾಕ್ಟರ್ ಫಿಲಿಪ್ಸ್ ಸಾಕ್ಷ್ಯವಿದೆ. ಹಾಸಿಗೆ ಇದ್ದದ್ದು ಕಿಟಕಿಗೆ ಎದುರು ಬದಿಯ ಅಡ್ಡಗೋಡೆಗೆ ಒತ್ತಿ. ಅಂದರೆ ಬಾಗಿಲಿನ ಕೀಲು ಆ ಕಡೆಗೆ, ಲಾಕ್ ಕಿಟಕಿಯ ಕಡೆಗೆ. ಕೈ ಒಳಗೆ ಹಾಕಿ ಮೂಲೆಯಲ್ಲಿ ಮೊಣಕೈ ಬಗ್ಗಿಸಿದರೆ ಚಿಲಕ ಸಿಗುತ್ತಿತ್ತು.

ಆ ಚಿಲಕ ಲಾಕಿನದಲ್ಲ, ಬೇರೆಯದೇ ಅಗುಳಿ ಅನ್ನುವವರೂ ಇದ್ದಾರೆ. ಒಪ್ಪುವುದು ಕಷ್ಟ. ಅಗುಳಿಯಾಗಿದ್ದರೆ ಕೋಣೆ ಬಿಟ್ಟು ಹೊರಡುವಾಗಲೆಲ್ಲ ಕಿಟಕಿಯಿಂದಲೇ ಕೈ ಹಾಕಿ ಹಾಕಬೇಕಾಗುತ್ತಿತ್ತು, ಕೊಲೆಗಾರನೂ ಅದನ್ನೇ ಮಾಡಬೇಕಿತ್ತು. ಲಾಕ್ ಸರಿಯಿರುವಾಗ ಯಾರು ಅಷ್ಟು ಪಾಡು ಪಡುತ್ತಾರೆ?

ಮಾಲೀಕ ಮೆಕಾರ್ಥಿ ಗಾಜೂ ಹಾಕಿಸಲಿಲ್ಲ, ಲಾಕೂ ಬದಲಿಸಲಿಲ್ಲ. 29 ಶಿಲ್ಲಿಂಗ್, ಅಂದರೆ ಆರು ವಾರಕ್ಕೂ ಮೀರಿದ ಬಾಡಿಗೆ ಬಾಕಿಯಿದ್ದಾಗ ಅವನಿಂದ ರಿಪೇರಿ ನಿರೀಕ್ಷಿಸುವುದೂ ಸ್ವಲ್ಪ ಅತಿಯೇ.

ವಿಚಿತ್ರ ಅಂದರೆ ನವೆಂಬರ್ 9ರ ಬೆಳಗ್ಗೆ ನಡೆದದ್ದು. ಬಾಡಿಗೆ ಕೇಳಲು ಹೋದ ಮೆಕಾರ್ಥಿಯ ಆಳು ಬೋಯರ್ ಸುಮಾರು 10:45ಕ್ಕೆ ಅದೇ ಕಿಟಕಿಯೊಳಗೆ ಕೈ ಹಾಕಿ ಪರದೆ ಸರಿಸಿ ಹೆಣ ನೋಡಿದ. ಅಲ್ಲಿಂದಲೇ ಚಿಲಕ ಸರಿಸಬಹುದಿತ್ತು, ಯಾರೂ ಸರಿಸಲಿಲ್ಲ. ಆಮೇಲೆ ಪೊಲೀಸರು ಜಾಡು ಹಿಡಿಯುವ ಬೇಟೆನಾಯಿಗಳು ಬರುತ್ತವೆ ಅಂತ ಮಧ್ಯಾಹ್ನದವರೆಗೆ ಬಾಗಿಲ ಮುಂದೆ ಕಾದರು. ನಾಯಿ ಬರುವುದಿಲ್ಲ ಅಂತ ಗೊತ್ತಾದ ಮೇಲೆ, ಸುಮಾರು 1:30ಕ್ಕೆ, ಸೂಪರಿಂಟೆಂಡೆಂಟ್ ಆರ್ನಲ್ಡ್ ಆದೇಶದಂತೆ ಮೆಕಾರ್ಥಿ ಪಿಕಾಸಿಯಿಂದ ತನ್ನ ಬಾಗಿಲನ್ನು ತಾನೇ ಮೀಟಿದ.