ಮಕ್ಕಳು ಏನು ಹುಡುಕಿದರು ಅನ್ನೋದು ಲೈಬ್ರರಿಯಿಂದ ಆಚೆ ಹೋಗಬಾರದು

ಇವತ್ತು ಒಂದು ಕಾಲೇಜಿನಲ್ಲಿ ಹೊಸ ಮಕ್ಕಳಿಗೆ ಲೈಬ್ರರಿ ಪರಿಚಯದ ತರಗತಿ ನಡೆಯುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ಆ್ಯಪ್ ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತಬೇಡಿ ಅಂತ ಚೆನ್ನಾಗೇ ಹೇಳಿದರು. ಆಮೇಲೆ ಪುಸ್ತಕ ಹುಡುಕುವ ಪುಟ ತೋರಿಸಿದರು. ಅದರ ಸೋರ್ಸ್, ಅಂದರೆ ಪುಟದ ಹಿಂದಿರುವ ಕೋಡ್, ತೆಗೆದು ನೋಡಿದೆ. ಪುಟಕ್ಕೆ ಬಂದವರು ಏನು ನೋಡಿದರು ಅಂತ ಲೆಕ್ಕ ಇಡುವ, ಹೊರಗಿನ ಕಂಪನಿಯೊಂದರ ಕೋಡ್ ಅಲ್ಲೇ ಕೂತಿದೆ! ಮಕ್ಕಳಿಗೆ ಒಂದು ಮಾತೂ ಹೇಳಿಲ್ಲ. ಇಷ್ಟು ವರ್ಷ ಲೈಬ್ರರಿ ಕೌಂಟರಿನಲ್ಲಿ ಕೂತವನಿಗೆ ಸಿಟ್ಟು ಬರದೇ ಇರುತ್ತಾ?

ಕೋಹಾದಂಥ ಲೈಬ್ರರಿ ತಂತ್ರಾಂಶದ ಕ್ಯಾಟಲಾಗಿನಲ್ಲಿ, ಅಂದರೆ ಪುಸ್ತಕ ಹುಡುಕುವ ಪುಟದಲ್ಲಿ, ನೀವು ಟೈಪ್ ಮಾಡಿದ ಪದ ಪುಟದ ವಿಳಾಸದಲ್ಲೇ ಸೇರಿಕೊಳ್ಳುತ್ತದೆ. ಇಂಥ ಕೋಡ್ ಸಾಮಾನ್ಯವಾಗಿ ಆ ಇಡೀ ವಿಳಾಸವನ್ನು ಕಳಿಸುತ್ತದೆ. ಒಬ್ಬ ಹುಡುಗಿ 'ಗರ್ಭಪಾತ' ಅಂತ ಹುಡುಕಿದಳು ಅಂದುಕೊಳ್ಳಿ. ಆ ಪದ, ಅವಳ ಫೋನ್ ಯಾವುದು, ಸುಮಾರಾಗಿ ಯಾವ ಊರು, ಎಲ್ಲ ಯಾರದೋ ಸರ್ವರಿಗೆ ಹೋಯಿತು. ಕೌಂಟರಿಗೆ ಬಂದು ಕೇಳಿದ್ದರೆ ನಾವು ಪಕ್ಕದ ಮೇಷ್ಟ್ರಿಗೂ ಹೇಳುತ್ತಿರಲಿಲ್ಲ.

ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲೇ ಓದುಗರ ಖಾಸಗಿ ವಿಷಯ ಗುಟ್ಟಾಗಿಡುವುದು ನಮ್ಮ ಕರ್ತವ್ಯ ಅಂತ ಬರೆದುಕೊಂಡಿತ್ತು. ನಮ್ಮಲ್ಲಿ 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕು ಅಂದಿತು. ಆ ಕೇಸಿನಲ್ಲಿ ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು.

ಇದುವರೆಗೆ ಇಲ್ಲಿ ಬರೆಯದ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮಪ್ಪನ ಕುಡಿತ ಬಿಡಿಸುವುದು ಹೇಗೆ ಅಂತ ನಾನು ಓದಿದ್ದು ಕಾಲೇಜು ಲೈಬ್ರರಿಯ ಕಪಾಟಿನ ಸಂದಿಯಲ್ಲಿ ನಿಂತು. ಅಮ್ಮನಿಗೂ ಗೊತ್ತಿರಲಿಲ್ಲ. ಯಾರಾದರೂ ಬರೆದಿಟ್ಟುಕೊಳ್ಳುತ್ತಾರೆ ಅನ್ನಿಸಿದ್ದರೆ ಆ ಪುಸ್ತಕ ಮುಟ್ಟುತ್ತಲೇ ಇರಲಿಲ್ಲ.

'ನ್ಯಾಕ್‌ಗೆ ಅಂಕಿಅಂಶ ಕೊಡಬೇಕಲ್ಲ ಸಾರ್' ಅಂತಾರೆ ಲೈಬ್ರರಿಯವರು. ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ. ಕೊಡಿ. ದಿನಕ್ಕೆ ಎಷ್ಟು ಜನ ಬಂದರು, ಎಷ್ಟು ಜನ ಲಾಗಿನ್ ಆದರು ಅಂತ ಅವರು ಕೇಳುತ್ತಾರೆ. ಯಾರು ಏನು ಹುಡುಕಿದರು ಅಂತ ಕೇಳುವುದಿಲ್ಲ. ಪುಟಕ್ಕೆ ಎಷ್ಟು ಜನ ಬಂದರು ಅಂತ ಲೆಕ್ಕ ಇಡಲು ಮಾಟೊಮೊ ಅಂತ ಮುಕ್ತ ತಂತ್ರಾಂಶ ಇದೆ. ಕಾಲೇಜಿನ ಸ್ವಂತ ಸರ್ವರಿನಲ್ಲೇ ಹಾಕಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ. ಐಪಿ ವಿಳಾಸದ (ಇಂಟರ್ನೆಟ್‌ನಲ್ಲಿ ನಮ್ಮ ಸಂಪರ್ಕದ ಗುರುತಿನ ಸಂಖ್ಯೆ) ಕೊನೆಯ ಭಾಗ ಮುಚ್ಚಬಹುದು, ಕುಕೀ (ಬಂದವರನ್ನು ಮತ್ತೆ ಗುರುತಿಸಲು ಅವರ ಫೋನಿನಲ್ಲಿ ಇಡುವ ಗುರುತು) ಇಲ್ಲದೆ ನಡೆಸಬಹುದು, ಹಳೆಯ ದಾಖಲೆ ತಾನೇ ಅಳಿದು ಹೋಗುವ ಹಾಗೆ ಮಾಡಬಹುದು. ಹುಡುಕಿದ ಪದ ದಾಖಲಾಗದಂತೆಯೂ ನೋಡಿಕೊಳ್ಳಬಹುದು. ನೋಡಿಕೊಳ್ಳಲು ಜನ ಇಲ್ಲ ಅನ್ನೋ ಮಾತು ನಾನು ಒಪ್ಪಲ್ಲ. ಕೋಹಾ ನಡೆಸುವವರಿಗೆ ಇದೇನೂ ಜಾಸ್ತಿ ಕೆಲಸವಲ್ಲ.

ಪಾಠಕ್ಕೂ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ? ಕಾಲೇಜು ಲೈಬ್ರರಿಗಳಿಗೆಂದು ಎಸಿಆರ್‌ಎಲ್ (ಅಮೆರಿಕದ ಕಾಲೇಜು ಲೈಬ್ರರಿಗಳ ಸಂಘ) 2016ರಲ್ಲಿ ಒಪ್ಪಿಕೊಂಡ ಮಾಹಿತಿ ಸಾಕ್ಷರತೆಯ ಚೌಕಟ್ಟಿನಲ್ಲೇ ಇದು ಬರುತ್ತದೆ: ನಮ್ಮ ವೈಯಕ್ತಿಕ ವಿವರ ಆನ್‌ಲೈನ್‌ನಲ್ಲಿ ಹೇಗೆ ಮಾರಾಟದ ಸರಕಾಗುತ್ತದೆ ಅನ್ನೋದು ಮಕ್ಕಳಿಗೆ ತಿಳಿದಿರಬೇಕು. ನನ್ನ ಗೆಳೆಯರಲ್ಲಿ ಲೈಬ್ರರಿಯನ್‌ಗಳು ತುಂಬಾ ಜನ ಇದ್ದೀರಿ. ಈ ವಾರ ನಿಮ್ಮ ಕ್ಯಾಟಲಾಗ್ ಪುಟ ತೆರೆದು ಏನೇನು ಆಚೆ ಹೋಗುತ್ತಿದೆ ನೋಡಿ. ಮೊದಲು ಆ ಕೋಡ್ ತೆಗೆಸಿ. ಯಾಕೆ ತೆಗೆಸಿದಿರಿ ಅನ್ನೋದನ್ನು ಮುಂದಿನ ತರಗತಿಯಲ್ಲಿ ಮಕ್ಕಳ ಮುಂದೆಯೇ ಹೇಳಿ. ಸಹಾಯ ಬೇಕಿದ್ದರೆ ಇನ್‌ಬಾಕ್ಸಿಗೆ ಬನ್ನಿ, ನಾನಿದ್ದೇನೆ.