ತೊಡೆಗೆ ಪೆಟ್ಟು ಬಿದ್ದರೆ ಎಣ್ಣೆ ಬಾಟಲಿ ಮುಟ್ಟಬೇಡಿ

ಹೊನಲು ಬೆಳಕಿನ ಕಬಡ್ಡಿ ಶುರುವಾಯಿತೆಂದರೆ ಉಡುಪಿ ಕಡೆ ವಾರಕ್ಕೊಬ್ಬ ಹುಡುಗ ತೊಡೆ ಹಿಡಿದುಕೊಂಡು ಮನೆಗೆ ಬರುತ್ತಾನೆ. ಮನೆಯವರು ಎಣ್ಣೆ ಬಿಸಿ ಮಾಡಿ ಗಸಗಸ ತಿಕ್ಕುತ್ತಾರೆ. ಇದೊಂದನ್ನು ಬಿಡಿ ಮಾರಾಯ್ರೇ.

ಎದುರಿನವನ ಮೊಣಕಾಲು ಜೋರಾಗಿ ತಾಗಿದರೆ ತೊಡೆಯ ಮಾಂಸದೊಳಗೆ ರಕ್ತ ಹೆಪ್ಪುಗಟ್ಟುತ್ತದೆ. ಹೆಚ್ಚಿನವರಿಗೆ ಅದು ಕರಗುತ್ತದೆ, ಕೆಲವರಿಗೆ ಅಲ್ಲೇ ಎಲುಬು ಬೆಳೆಯುತ್ತದೆ. ನಿಜವಾದ ಎಲುಬು! ಮಯೋಸೈಟಿಸ್ ಆಸಿಫಿಕನ್ಸ್ ಅಂತ ಹೆಸರು. ಮೊದಲ ದಿನಗಳಲ್ಲಿ ತಿಕ್ಕಿದರೆ, ಶಾಖ ಕೊಟ್ಟರೆ, ಜಗ್ಗಿ ಜಗ್ಗಿ ಕಾಲು ಮಡಚಿಸಿದರೆ ಅಪಾಯ ಜಾಸ್ತಿ. ಆಗ ಬೇಕಾದ್ದು ಐಸು, ಬ್ಯಾಂಡೇಜು, ವಿಶ್ರಾಂತಿ. ಮೊದಲ 24 ಗಂಟೆ ಮೊಣಕಾಲನ್ನು ಮಡಚಿಯೇ ಕಟ್ಟಿಡುವ ಕ್ರಮವೂ ಇದೆ, ಅದನ್ನು ಗೊತ್ತಿದ್ದವರೇ ಮಾಡಬೇಕು.

ನಮ್ಮ ಸಂಬಂಧಿಕರ ಹುಡುಗನಿಗೆ ಆದದ್ದು ಇದೇ. ಪೆಟ್ಟಾದ ವಾರದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಸಹಜವೇ, ಎರಡು ಮೂರು ವಾರ ಅದರಲ್ಲಿ ಕಾಣುವುದೇ ಕಡಿಮೆ. ಆಮೇಲೆ ಗಂಟು ಕಲ್ಲಾಯಿತು, ಮೊಣಕಾಲು ಮಡಚಲು ಬರಲಿಲ್ಲ, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಂಆರ್‌ಐ ನೋಡಿ ಕ್ಯಾನ್ಸರ್ ಗಡ್ಡೆ ಇರಬಹುದು ಅಂದರು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಫೈಲು ಇಷ್ಟು ದಪ್ಪ, ಪೆಟ್ಟು ಬಿದ್ದ ತಾರೀಕು ಮಾತ್ರ ಒಂದು ಹಾಳೆಯಲ್ಲೂ ಇಲ್ಲ!

ನನ್ನ ಸಿಟ್ಟು ಇರುವುದು ಇಲ್ಲೇ. ಶುರುವಿನಲ್ಲಿ ಇದು ಎಂಆರ್‌ಐಯಲ್ಲೂ ಬಯಾಪ್ಸಿಯಲ್ಲೂ ಕ್ಯಾನ್ಸರಿನ ಹಾಗೇ ಕಾಣಬಹುದು. ಪೆಟ್ಟಿನ ತಾರೀಕೇ ಬರೆಯದಿದ್ದರೆ ಸ್ಕ್ಯಾನ್ ಓದುವವರಿಗೆ ಹೇಗೆ ಗೊತ್ತಾಗಬೇಕು, ಹೇಳಿ? ಇನ್ನೊಬ್ಬ ಎಲುಬಿನ ಡಾಕ್ಟರು ಕೂತು ಎಲ್ಲ ಕೇಳಿದರು, ಕೆಲವು ವಾರ ಬಿಟ್ಟು ಸಿಟಿ ಸ್ಕ್ಯಾನ್ ಮಾಡಿಸಿದರು. ಗಂಟಿನ ಅಂಚು ಗಟ್ಟಿ ಎಲುಬು, ನಡುಭಾಗ ಇನ್ನೂ ಮೆತ್ತಗೆ. ಎಲುಬಿನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಇದು ಉಲ್ಟಾ ಇರುತ್ತದಂತೆ.

ಆಮೇಲೆ ಮನೆಯವರದ್ದು ಒಂದೇ ಹಟ, ಕೊಯ್ದು ತೆಗೆಯಿರಿ ಅಂತ. ಎಲುಬು ಬಲಿಯುವ ಮೊದಲು ತೆಗೆದರೆ ಮತ್ತೆ ಬೆಳೆಯಬಹುದು. ಆರು ತಿಂಗಳು, ಕೆಲವೊಮ್ಮೆ ವರ್ಷ ಕಾಯಬೇಕು, ಅಷ್ಟರಲ್ಲಿ ತುಂಬಾ ಜನರಿಗೆ ಆಪರೇಷನ್ನೇ ಬೇಕಾಗುವುದಿಲ್ಲ. ಇವನಿಗೂ ಬೇಕಾಗಲಿಲ್ಲ, ಮೆಲ್ಲಗೆ ಮಾಡಿಸಿದ ವ್ಯಾಯಾಮದಲ್ಲೇ ಕಾಲು ಸರಿಯಾಯಿತು.

ಟ್ರೋಫಿಗೆ ಸಾವಿರಗಟ್ಟಲೆ ಸುರಿಯುವ ಸಂಘದವರೇ, ಅಂಗಳದ ಬದಿಯಲ್ಲಿ ಒಂದು ಐಸ್ ಬಾಕ್ಸು, ಒಂದು ನೋಟ್‌ಬುಕ್ಕು ಇಡಿ. ಯಾರಿಗೆ, ಯಾವತ್ತು, ಎಲ್ಲಿ ತಾಗಿತು ಅಂತ ಎರಡು ಸಾಲು ಬರೆದು ಅದರ ಫೋಟೋವನ್ನು ಹುಡುಗನ ಮೊಬೈಲಿಗೆ ಕಳಿಸಿ. ಮನೆಯವರು ಹಳೇ ಎಕ್ಸ್‌ರೇ ಫಿಲ್ಮನ್ನು ಎಸೆಯಬೇಡಿ, ಏನೂ ಕಾಣದ ಫಿಲ್ಮನ್ನೂ ಸಹ.